ಗುಜರಿಗೆ ಹಾಕೋ ಮುಂಚೆ ಸ್ಟೋವಿನ ಬುಡ ತಿರುಗಿಸಿ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಗೋಣಿಚೀಲ ತರೂಕೆ ಅಂತ ಶಿರಸಿ ಪೇಟೆಗೆ ಹೋಗಿದ್ದೆ, ವಾಪಸ್ ಬರ್ತಾ ಒಂದು ಗುಜರಿ ಅಂಗಡಿ ಮುಂದೆ ಟಣ್ ಟಣ್ ಸದ್ದು ಕೇಳಿ ನಿಂತೆ, ನೋಡಿದ್ರೆ ಒಬ್ಬ ಹುಡುಗ ಹಿತ್ತಾಳೆ ಪಂಪ್ ಸ್ಟೋವಿನ ಟ್ಯಾಂಕನ್ನ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡ್ತಾ ಇದ್ದ. ಚಪ್ಪಟೆ ಮಾಡಿದ್ರೆ ಚೀಲದಲ್ಲಿ ಹೆಚ್ಚು ಹಿಡೀತದೆ, ಬೇರೆ ಕಾರಣ ಏನಿಲ್ಲ. ತಮ್ಮಾ ಒಂದ್ನಿಮಿಷ ನಿಲ್ಲಿಸು ಅಂದು ಕೈಗೆ ತಗೊಂಡು ತಿರುಗಿಸಿದೆ, ಅರ್ಧ ಬುಡ ಆಗ್ಲೇ ಒಳಗೆ ಹೋಗಿತ್ತು, ಉಳಿದರ್ಧದಲ್ಲಿ ಪ್ರೈಮಸ್, ಸ್ಟಾಕ್‌ಹೋಮ್ ಅಂತ ಅಕ್ಷರ ಕಾಣ್ತಿತ್ತು. ಬರ್ನರ್ ಕಿತ್ತು ಬೇರೆ ರಾಶಿಗೆ ಎಸೆದಿದ್ರು. ಹುಡುಗನ ತಪ್ಪಲ್ಲ ಸರ್, ಅವನ ಕೆಲಸ ಅದು. ಯಾರೋ ಮನೆಯವರು ಬೆಳಿಗ್ಗೆ ಗೊಬ್ಬರದ ಚೀಲದಲ್ಲಿ ಒಡಕು ಕೊಡ, ಮುರುಕು ಚೊಂಬಿನ ಜೊತೆ ಇದನ್ನೂ ತುಂಬಿ ತಂದು ತೂಕ ಹಾಕಿಸಿ ಹೋಗಿದ್ರಂತೆ. ನಾನೂ ಹಿತ್ತಾಳೆ ತೂಕಕ್ಕೇ ದುಡ್ಡು ಕೊಟ್ಟು ಅದನ್ನ ಮನೆಗೆ ತಂದೆ, ರಾಶಿ ಕೆದಕಿ ಬರ್ನರನ್ನೂ ಹುಡುಕಿ ತಂದೆ. ಆವತ್ತು ರಾತ್ರಿ ಸರಿ ನಿದ್ದೆ ಬರ್ಲಿಲ್ಲ, ಅದಕ್ಕೇ ಈ ಪತ್ರ ಬರೀತಾ ಇದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿ ಹಾಕದೆ ಹಾಕಿ.

ನಮ್ಮ ಜಿಲ್ಲೇಲಿ ಈಗ ಹಳೇ ಮನೆ ಕೆಡವಿ ಸ್ಲ್ಯಾಬ್ ಮನೆ ಕಟ್ಟೂದು ಜೋರಾಗಿ ನಡೀತಾ ಉಂಟು. ಮನೆ ಬಿಚ್ಚುವಾಗ ಅಟ್ಟದ ಸಾಮಾನು ಎಲ್ಲ ಅಂಗಳಕ್ಕೆ ಬರ್ತದೆ. ಬಾಗಿಲು, ಕಂಬ, ತೊಟ್ಟಿಲು ತಗೊಳ್ಳೂಕೆ ಬೆಂಗಳೂರಿಂದ ಜನ ಬರ್ತಾರೆ, ಅದಕ್ಕೆ ಬೆಲೆ ಉಂಟು ಅಂತ ಎಲ್ಲರಿಗೂ ಗೊತ್ತಾಗಿದೆ. ಪಂಪ್ ಸ್ಟೋವು, ಗ್ಯಾಸ್‌ಲೈಟು (ಪೆಟ್ರೋಮ್ಯಾಕ್ಸ್ ಥರದ ಪಂಪ್ ದೀಪ), ಲಾಟೀನು, ಕ್ಯಾಂಪಿಗೆ ಒಯ್ಯೋ ಮಡಚು ಮಂಚ, ಇವನ್ನ ಮಾತ್ರ ಯಾರೂ ಕೇಳೂದಿಲ್ಲ. ನೇರ ಗುಜರಿಗೆ.

ನನಗೆ ಇದರ ಹುಚ್ಚು ಹತ್ತಿದ್ದು ಅಪ್ಪನಿಂದ. ಅಪ್ಪ ಯಲ್ಲಾಪುರ, ದಾಂಡೇಲಿ ಕಡೆ ಮರದ ಕೂಪಿನಲ್ಲಿ, ಅಂದ್ರೆ ಕಾಡಿನಲ್ಲಿ ಮರ ಕಡಿಯೋ ಜಾಗದಲ್ಲಿ, ರೈಟರ್ ಆಗಿದ್ದ, ಮಳೆ ಬಿಟ್ಟ ಮೇಲೆ ಹೋದ್ರೆ ಮುಂದಿನ ಮಳೆ ಹತ್ರ ಬಂದಾಗ್ಲೇ ಮನೆಗೆ, ನಡುವೆ ಹಬ್ಬಕ್ಕೆ ಎರಡು ದಿನ ಬಂದ್ರೆ ಬಂದ. ಅವನ ಹತ್ರ ಒಂದು ತಗಡಿನ ಡಬ್ಬಿ ಇತ್ತು, ನಮ್ಮ ಅವಲಕ್ಕಿ ಡಬ್ಬಿಗಿಂತ ಸಣ್ಣದು, ಅದರೊಳಗೆ ಪೂರ್ತಿ ಒಂದು ಸ್ಟೋವು ಬಿಚ್ಚಿ ಇಟ್ಟಿದ್ದು. ಪ್ರೈಮಸ್ 96 ಅಂತ ಅದರ ನಂಬರು, ಅರ್ಧ ಪೈಂಟ್ (ಸುಮಾರು ಕಾಲು ಲೀಟರ್) ಚಿಮಣಿ ಎಣ್ಣೆ, ಅಂದ್ರೆ ಸೀಮೆಎಣ್ಣೆ, ಹಿಡೀತದೆ. ಮೂರು ಕಾಲು ಬೇರೆ, ಬರ್ನರ್ ಬೇರೆ, ಪಿನ್ನು, ಸ್ಪಾನರ್ ಎಲ್ಲ ಅದರಲ್ಲೇ. ನಾನು ಆರನೇ ಕ್ಲಾಸಿನಲ್ಲಿ ಇದ್ದಾಗ ರಜೆಗೆ ಒಮ್ಮೆ ಕೂಪಿಗೆ ಕರ್ಕೊಂಡು ಹೋಗಿದ್ದ. ಕಾಡಿನಲ್ಲಿ ಕಟ್ಟಿಗೆಗೆ ಏನು ಬರಗಾಲ, ಸ್ಟೋವು ಎಂತಕ್ಕೆ ಅಂತ ಕೇಳಿದ್ದೆ. ಹಿಂದಿನ ದಿನ ಅಕಾಲದ ಮಳೆ ಹೊಡೆದು ಎಲ್ಲ ನೆನೆದು ತೊಪ್ಪೆ ಆಗಿತ್ತು, ಅಪ್ಪ ಏನೂ ಹೇಳದೆ ಡಬ್ಬಿ ಬಿಚ್ಚಿ, ಕಾಲು ಸಿಕ್ಕಿಸಿ, ಬರ್ನರಿನ ಕೆಳಗಿನ ಬಟ್ಟಲಿಗೆ ಒಂದು ಚಮಚ ಸ್ಪಿರಿಟ್ ಹಾಕಿ ಕಡ್ಡಿ ಗೀರಿ, ಸ್ಪಿರಿಟ್ ಇನ್ನೇನು ಮುಗೀತದೆ ಅನ್ನುವಾಗ ಗಾಳಿ ತಿರುಪು ಬಿಗಿ ಮಾಡಿ ನಾಲ್ಕು ಪಂಪು ಹೊಡೆದ. ಬುಸ್ ಅಂತ ಶುರು ಆಗಿ ಹಂಗೇ ಗೊರ್ ಅಂತ ಏರಿ ನೀಲಿ ಉರಿ ನಿಂತಿತು. ಐದಾರು ನಿಮಿಷಕ್ಕೆ ಚಾ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು. ಅಪ್ಪ ಹೋದ ಮೇಲೆ ಎಷ್ಟು ಹುಡುಕಿದ್ರೂ ಆ ಡಬ್ಬಿ ಸಿಗ್ಲಿಲ್ಲ. ನಾನು ಪರ ಊರಿನಲ್ಲಿ ನೌಕರಿಯಲ್ಲಿ ಇದ್ದಾಗ ಮನೇಲಿ ಒಂದು ಸಲ ಹಳೇ ತಾಮ್ರ ಹಿತ್ತಾಳೆ ಎಲ್ಲ ತೂಕಕ್ಕೆ ಹಾಕಿದ್ರಂತೆ.

ಈ ಪ್ರೈಮಸ್ ಸ್ಟೋವಿನ ಕತೆ ಗೊತ್ತಿದ್ರೆ ಯಾರಿಗೂ ಸುತ್ತಿಗೆ ಎತ್ತೂಕೆ ಮನಸ್ಸು ಬರೂದಿಲ್ಲ. 1892ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅನ್ನೋ ಫ್ಯಾಕ್ಟರಿ ಮೆಕ್ಯಾನಿಕ್ ಇದನ್ನ ಮಾಡಿದ್ದು. ಬೆಸುಗೆ ಹಾಕುವವರು, ಬಣ್ಣ ಸುಡುವವರು ಕೈಯಲ್ಲಿ ಹಿಡಿಯೋ ಬ್ಲೋ ಲ್ಯಾಂಪ್ ಇರ್ತದಲ್ಲ, ಅದರ ಉರಿ ಮುಂದಕ್ಕೆ ಬರ್ತದೆ, ಇವನು ಆ ಬರ್ನರನ್ನ ಮೇಲ್ಮುಖ ಮಾಡಿದ. ಕೇಳೂಕೆ ಇಷ್ಟೇ. ಅಲ್ಲಿವರೆಗೆ ಬತ್ತಿ ಸ್ಟೋವಿನಲ್ಲಿ ಪಾತ್ರೆ ಬುಡ ಕಪ್ಪಾಗ್ತಿತ್ತು, ಹೊಗೆ, ವಾಸನೆ, ಉರಿಯೂ ಮಂದ. ಪಂಪ್ ಸ್ಟೋವಿನಲ್ಲಿ ಎಣ್ಣೆ ಎಣ್ಣೆಯಾಗಿ ಉರಿಯೂದೇ ಇಲ್ಲ. ಟ್ಯಾಂಕಿನ ಗಾಳಿ ಎಣ್ಣೆಯನ್ನ ನಳಿಗೆಯಲ್ಲಿ ಮೇಲೆ ತಳ್ತದೆ, ಕಾದ ಬರ್ನರಿನೊಳಗೆ ಹೋಗುವಾಗ ಅದು ಆವಿ ಆಗ್ತದೆ, ಕೂದಲು ಹೋಗುವಷ್ಟು ಸಣ್ಣ ತೂತಿನಿಂದ ಆ ಆವಿ ರಭಸದಲ್ಲಿ ಹೊರಗೆ ಬಂದು ಸುತ್ತಲಿನ ಗಾಳಿಯನ್ನ ಎಳ್ಕೊಂಡು ಉರೀತದೆ, ಅದಕ್ಕೇ ಮಸಿ ಇಲ್ಲ. ಉರಿದ ಬಿಸಿಯೇ ಮುಂದೆ ಬರೋ ಎಣ್ಣೆಯನ್ನ ಆವಿ ಮಾಡ್ತದೆ, ಶುರುವಿಗೆ ಮಾತ್ರ ನಾವು ಸ್ಪಿರಿಟ್ ಹಾಕಿ ಕಾಯಿಸಿ ಕೊಡಬೇಕು. ಸಾಕಷ್ಟು ಕಾಯಿಸದೆ ಅವಸರ ಮಾಡಿ ಪಂಪ್ ಹೊಡೆದ್ರೆ ಆವಿ ಬದಲು ಎಣ್ಣೆಯೇ ಚಿಮ್ಮಿ ಹಳದಿ ಜ್ವಾಲೆ ಆಳೆತ್ತರ ಏಳ್ತದೆ. ಬಹಳ ಮನೇಲಿ ಸ್ಟೋವು ಅಂದ್ರೆ ಹೆದರಿದ್ದು ಇದಕ್ಕೇ.

1897ರಲ್ಲಿ ಆಂಡ್ರೆ ಅನ್ನೋ ಸ್ವೀಡನ್ನಿನವನು ಇಬ್ಬರನ್ನ ಕಟ್ಕೊಂಡು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ, ಯಾರೂ ವಾಪಸ್ ಬರ್ಲಿಲ್ಲ. 33 ವರ್ಷ ಕಳೆದು 1930ರಲ್ಲಿ ಒಂದು ಹಿಮದ ದ್ವೀಪದಲ್ಲಿ ಅವರ ಕೊನೇ ಬಿಡಾರ ಸಿಕ್ತು, ಅದರಲ್ಲಿ ಒಂದು ಪ್ರೈಮಸ್ ಸ್ಟೋವು, ಟ್ಯಾಂಕಿನಲ್ಲಿ ಎಣ್ಣೆ ಇನ್ನೂ ಇತ್ತು, ಹಚ್ಚಿದ್ರೆ ಹತ್ತಿತು. 1911ರಲ್ಲಿ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದಾಗ್ಲೂ, 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಹತ್ತಿದಾಗ್ಲೂ ಹಿಮ ಕರಗಿಸಿ ನೀರು ಮಾಡ್ಕೊಂಡಿದ್ದು ಇದೇ ಜಾತಿಯ ಸ್ಟೋವಿನಲ್ಲಿ. ಅದೇ ವಸ್ತು ನಮ್ಮ ಶಿರಸಿ, ಸಿದ್ದಾಪುರ, ಕುಮಟೆಯ ಅಟ್ಟದ ಮೇಲೆ ಕೂತಿದೆ ಮಾರಾಯ್ರೆ. ಹೆಂಗೆ ಬಂತು ಅಂತ ಕೇಳಿದ್ರೆ, 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು, ಕಾರವಾರ, ಕುಮಟೆ ಬಂದರಿಗೆ ಮುಂಬೈಯಿಂದ ಹಡಗು ಬರ್ತಿತ್ತು, ಪೇಟೆಯ ಹೊಸ ಸಾಮಾನು ನಮಗೆ ಸಮುದ್ರದ ಮೇಲಿಂದ ಬರ್ತಿತ್ತು. ಅತ್ಲಾಗೆ ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದ್ರೆ 1961ರವರೆಗೆ ಪೋರ್ತುಗೀಸರ ಗೋವಾ, ಅಲ್ಲಿನ ಫಾರಿನ್ ಮಾಲಿನ ಕತೆ ಸದಾಶಿವಗಡ, ಮಾಜಾಳಿ ಕಡೆ ಹಿರಿಯರನ್ನ ಕೇಳಿದ್ರೆ ಈಗ್ಲೂ ಹೇಳ್ತಾರೆ.

ಹಾಗಾಗಿ ನನ್ನ ಮೊದಲ ವಿನಂತಿ, ಅಟ್ಟದಿಂದ ಇಳಿಸಿದ ಸ್ಟೋವನ್ನ ಚೀಲಕ್ಕೆ ಹಾಕೋ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬುಡ ಮತ್ತೆ ಹೆಗಲು ಓದಿ. ಪ್ರೈಮಸ್, ಆಪ್ಟಿಮಸ್, ಸ್ವೆಯಾ, ರೇಡಿಯಸ್, ಇವೆಲ್ಲ ಸ್ವೀಡನ್ನಿನವು. ಪ್ರೈಮಸ್ ಕಂಪನಿ 1911ರಿಂದ ವರ್ಷಕ್ಕೊಂದು ಇಂಗ್ಲಿಷ್ ಅಕ್ಷರ ಒತ್ತೂಕೆ ಶುರು ಮಾಡಿತು, ಆ ವರ್ಷದ್ದಕ್ಕೆ ಎ, ಮುಂದಿನ ವರ್ಷಕ್ಕೆ ಬಿ, ಹಿಂಗೇ. ಆ ಒಂದು ಅಕ್ಷರ ಓದಿದ್ರೆ ನಿಮ್ಮ ಅಜ್ಜ ಅದನ್ನ ಯಾವ ಕಾಲದಲ್ಲಿ ಕೊಂಡಿರಬಹುದು ಅಂತ ಅಂದಾಜು ಸಿಗ್ತದೆ. ನಾನು ತಂದ ಚಪ್ಪಟೆ ಟ್ಯಾಂಕಿನಲ್ಲಿ ಆ ಅಕ್ಷರದ ಮೇಲೇ ಸುತ್ತಿಗೆ ಬಿದ್ದಿತ್ತು. ಬರೀ ವಿದೇಶದ್ದೇ ಇಟ್ಕೊಳ್ಳಿ ಅಂತ ಹೇಳ್ತಾ ಇಲ್ಲ ಮತ್ತೆ, ನಮ್ಮ ದೇಶದಲ್ಲೇ ಮಾಡಿದ ಸ್ಟೋವು, ಕರಾಡ ಹತ್ರ ಓಗಲೆವಾಡಿಯಲ್ಲಿ ಆದ ಪ್ರಭಾಕರ ಕಂದೀಲು, ಇವುಗಳ ಮೇಲೂ ನನಗೆ ಅಷ್ಟೇ ಪ್ರೀತಿ. ಪ್ರಭಾಕರ ಕಂದೀಲು ಹಿಡ್ಕೊಂಡು ತೋಟಕ್ಕೆ ಹೋದವರು ನಮ್ಮಲ್ಲಿ ಎಷ್ಟು ಜನ ಇಲ್ಲ.

ಈಗ ನನ್ನ ಹತ್ರ ಸಣ್ಣದು ದೊಡ್ಡದು ಸೇರಿ ಹದಿನಾರು ಸ್ಟೋವು, ಐದು ಗ್ಯಾಸ್‌ಲೈಟು ಉಂಟು. ಅದರಲ್ಲಿ ಒಂದು ಬಂದಿದ್ದು ಗೋಕರ್ಣದಿಂದ. ಅಲ್ಲಿ ಓಂ ಬೀಚು, ಕುಡ್ಲೆ ಬೀಚಿಗೆ ಮೊದಲೆಲ್ಲ ವಿದೇಶದವರು ತಿಂಗಳುಗಟ್ಟಲೆ ಬಂದು ಉಳೀತಿದ್ರು, ಹೋಗುವಾಗ ಹೊರೆ ಕಡಿಮೆ ಮಾಡೂಕೆ ಸಾಮಾನು ಅಲ್ಲೇ ಯಾರಿಗಾದ್ರೂ ಕೊಟ್ಟು ಹೋಗ್ತಿದ್ರು. ಹಂಗೆ ಯಾರೋ ಬಿಟ್ಟು ಹೋದ ಸ್ವೆಯಾ 123 ಸ್ಟೋವು ಒಬ್ಬ ಚಾದಂಗಡಿಯವರ ಹತ್ರ ಉಪ್ಪಿನ ಡಬ್ಬಿ ಮೇಲೆ ಭಾರಕ್ಕೆ ಅಂತ ಕೂತಿತ್ತು. 1955ರಲ್ಲಿ ಬಂದ ಮಾಡೆಲ್ಲು, ಚೊಂಬಿನಷ್ಟೇ ಗಾತ್ರ, ಅರ್ಧ ಕಿಲೋ ಆಸುಪಾಸು ತೂಕ, ಪೂರಾ ಹಿತ್ತಾಳೆ. ಇದಕ್ಕೆ ಪಂಪೇ ಇಲ್ಲ, ಟ್ಯಾಂಕು ಬಿಸಿ ಆದ ಹಾಗೆ ಅದೇ ಒತ್ತಡ ಮಾಡ್ಕೊಳ್ತದೆ. ಆದರೆ ಇದು ಪೆಟ್ರೋಲ್ ಜಾತಿಯ ಶುದ್ಧ ಎಣ್ಣೆಯ ಸ್ಟೋವು, ಚಿಮಣಿ ಎಣ್ಣೆಯದಲ್ಲ. ಇದನ್ನ ದಪ್ಪ ಅಕ್ಷರದಲ್ಲಿ ಹಾಕಿ ಸಂಪಾದಕರೇ, ಸೀಮೆಎಣ್ಣೆ ಸ್ಟೋವಿಗೆ ಪೆಟ್ರೋಲ್ ಯಾವತ್ತೂ ಹಾಕಬಾರದು. ಎಣ್ಣೆ ಸಿಗೂದಿಲ್ಲ, ಸ್ವಲ್ಪ ಪೆಟ್ರೋಲ್ ಬೆರೆಸಿ ನೋಡುವಾ ಅಂತ ಮಾಡಿದವರನ್ನ ನಾನು ನೋಡಿದ್ದೇನೆ. ಪೆಟ್ರೋಲು ಚಳಿಗಾಲದಲ್ಲೂ ಆವಿ ಬಿಡ್ತದೆ, ಅದರ ಸ್ಟೋವು, ವಾಲ್ವು, ಮುಚ್ಚಳದ ಸೇಫ್ಟಿ ಎಲ್ಲ ಬೇರೆ ರೀತಿಯೇ ಮಾಡಿರ್ತಾರೆ.

ರಿಪೇರಿ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ಗುಜರಿಗೆ ಹಾಕದೆ ಉಳಿಸಿದವರೂ ಪ್ರೀತಿಯಿಂದಲೇ ಹಾಳು ಮಾಡ್ತಾರೆ. ಒಬ್ಬರು ಹೇಳಿದ್ರು, ಬಫಿಂಗ್ ಮಾಡಿಸಿ ಫಳಫಳ ಮಾಡಿ ಶೋಕೇಸಿನಲ್ಲಿ ಇಟ್ಟಿದ್ದೇನೆ ಅಂತ. ನೋಡಿದ್ರೆ ಬುಡದ ಅಕ್ಷರ ಎಲ್ಲ ಸವೆದು ಹೋಗಿದೆ, ಹೆಗಲಿನ ತಗಡು ತೆಳ್ಳಗಾಗಿದೆ. ಬಫಿಂಗ್ ಚಕ್ರಕ್ಕೆ ಕೊಡಲೇ ಬಾರದು. ನಮ್ಮ ಹೆಂಗಸರು ದೇವರ ಪಾತ್ರೆ ತೊಳೆಯೋ ಹಾಗೆ ಹುಣಸೆಹಣ್ಣೋ, ಮುರುಗಲೋ, ಬಿಂಬಲಕಾಯೋ ಹಚ್ಚಿ ತಿಕ್ಕಿದ್ರೆ ಸಾಕು. ಆದರೆ ಹುಳಿಯಲ್ಲಿ ರಾತ್ರಿಯಿಡೀ ನೆನೆಸಿ ಇಡಬೇಡಿ, ಹಿತ್ತಾಳೆ ಅಂದ್ರೆ ತಾಮ್ರ ಮತ್ತೆ ಸತು, ಹುಳಿ ಸತುವನ್ನ ತಿಂದು ಮೇಲೆ ಗುಲಾಬಿ ಬಣ್ಣ ಬಿಡ್ತದೆ, ನಾನು ಶುರುವಿನಲ್ಲಿ ಎರಡು ಟ್ಯಾಂಕು ಹಂಗೆ ಮಾಡಿದ್ದೆ, ಇವತ್ತಿಗೂ ಬೇಜಾರಾಗ್ತದೆ.

ಇನ್ನೊಂದು ಸಂಗತಿ ನಮ್ಮ ಮಲೆನಾಡಿನವರಿಗೇ ಅಂತ ಹೇಳ್ತೇನೆ. ನಮ್ಮಲ್ಲಿ ಬೇಡದ ಸಾಮಾನು ಇಡೂದು ಎಲ್ಲಿ, ಕೊಟ್ಟಿಗೆ ಅಟ್ಟದ ಮೇಲೆ. ಹಿತ್ತಾಳೆ ಸ್ಟೋವಿಗೆ ಅದರಷ್ಟು ಕೆಟ್ಟ ಜಾಗ ಬೇರೆ ಇಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೈನ್ಯದ ಬಂದೂಕಿನ ತೋಟಾಗಳನ್ನ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡ್ತಿದ್ರಂತೆ, ಮಳೆ ಮುಗಿದು ತೆಗೆದ್ರೆ ಹಿತ್ತಾಳೆ ತೋಟಾಗಳೆಲ್ಲ ಸೀಳು ಬಿಟ್ಟಿರ್ತಿದ್ದವು. ಮಳೆಗಾಲಕ್ಕೇ ಆಗ್ತದೆ ಅಂತ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರಿಟ್ರು. ಕಾರಣ ಸ್ಪಷ್ಟ ಆಗಿದ್ದು 1921ರಲ್ಲಿ, ಕುದುರೆ ಗಂಜಲದಿಂದ ಏಳೋ ಅಮೋನಿಯಾ. ಒತ್ತಿ ಎಳೆದು ಆಕಾರ ಕೊಟ್ಟ ಹಿತ್ತಾಳೆಯೊಳಗೆ ಬಿಗಿ ಉಳಿದಿರ್ತದೆ, ತೇವದ ಜೊತೆ ಅಮೋನಿಯಾ ತಾಗಿದ್ರೆ ಅಲ್ಲೇ ಸೀಳ್ತದೆ. ಸ್ಟೋವಿನ ಟ್ಯಾಂಕೂ ಹಂಗೇ ಒತ್ತಿ ಮಾಡಿದ್ದು, ಆಕಳ ಗಂಜಲದಲ್ಲೂ ಅದೇ ಅಮೋನಿಯಾ. ಕೊಟ್ಟಿಗೆ ಅಟ್ಟದಿಂದ ತಂದ ಎಷ್ಟೋ ಸ್ಟೋವಿನ ಕತ್ತಿನ ಹತ್ರ ಕೂದಲೆಳೆಯಷ್ಟು ಸೀಳು ನಾನು ನೋಡಿದ್ದೇನೆ. ದಯವಿಟ್ಟು ಮನೆಯೊಳಗಿನ ಅಟ್ಟಕ್ಕೆ ಸಾಗಿಸಿ. ಅಮೋನಿಯಾ ಇರೋ ಕ್ಲೀನಿಂಗ್ ಲಿಕ್ವಿಡ್ಡೂ ಬೇಡ.

ಹಚ್ಚಬೇಕು ಅನ್ನುವವರು ಮೊದಲು ಟ್ಯಾಂಕಿನ ಎಣ್ಣೆ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಗಾಳಿ ಹಾಕಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಸೈಕಲ್ ಟ್ಯೂಬ್ ಪಂಕ್ಚರ್ ನೋಡಿದ ಹಾಗೆ ನೋಡಿ. ಗುಳ್ಳೆ ಎದ್ರೆ ಎಣ್ಣೆ ಹಾಕಬೇಡಿ. ಪಂಪ್ ಹೊಡೆದ್ರೆ ಹಿಡಿಯೂದೇ ಇಲ್ಲ ಅಂದ್ರೆ ಒಳಗಿನ ತೊಗಲಿನ ವಾಶರ್ ಒಣಗಿರ್ತದೆ, ಅದನ್ನ ತೆಗೆದು ಎಣ್ಣೆಯಲ್ಲಿ ನೆನೆಸಿ ಬೆರಳಿಂದ ಬಟ್ಟಲಿನ ಹಾಗೆ ಅಗಲ ಮಾಡಿ ಹಾಕಿದ್ರೆ ಬಹುಪಾಲು ಸರಿ ಆಗ್ತದೆ. ನಮ್ಮ ಕಡೆ ಎಲ್ಲರೂ ಕೊಬ್ಬರಿ ಎಣ್ಣೆ ಹಾಕ್ತಾರೆ, ಕಾರವಾರ, ಅಂಕೋಲೆಯಲ್ಲಿ ನಡೀತದೆ, ಘಟ್ಟದ ಮೇಲೆ ಬೇಡ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗ್ತದೆ, ಶಿರಸಿಯ ಡಿಸೆಂಬರ್ ಬೆಳಿಗ್ಗೆ ಪಂಪು ಅಲ್ಲಾಡೂದೇ ಇಲ್ಲ. ಹೊಲಿಗೆ ಮಶೀನಿನ ಎಣ್ಣೆ ಒಳ್ಳೇದು. ಪಂಪಿನ ತುದಿಯಲ್ಲಿ ಒಂದು ಸಣ್ಣ ವಾಲ್ವು ಇರ್ತದೆ, ಗಾಳಿ ಒಳಗೆ ಹೋಗಬೇಕು, ವಾಪಸ್ ಬರಬಾರದು ಅಂತ. ಪಂಪಿನ ಹಿಡಿ ತಾನಾಗಿ ಹೊರಗೆ ತಳ್ಕೊಂಡು ಬರ್ತದೆ, ಇಲ್ಲ ಪಂಪಿನಿಂದ ಎಣ್ಣೆ ಜಿನುಗ್ತದೆ ಅಂದ್ರೆ ಆ ವಾಲ್ವು ಹೋಗಿದೆ. ಅದು ಸರಿ ಆಗುವವರೆಗೆ ಕಡ್ಡಿ ಗೀರಲೇ ಬಾರದು. ಉರಿಯೂ ಬಿಸಿಯೂ ಇರುವಾಗ ಮುಚ್ಚಳ ತೆಗೆದು ಎಣ್ಣೆ ಹಾಕೂದಂತೂ ಬೇಡವೇ ಬೇಡ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದ್ರೆ ತಪ್ಪಾಗ್ತದೆ. ಅಪ್ಪ ಕೂಪಿನಲ್ಲಿ ಅಷ್ಟು ಪ್ರೀತಿಯಿಂದ ಇಟ್ಕೊಂಡ ಸ್ಟೋವನ್ನ ಆಯಿ, ಅಂದ್ರೆ ನನ್ನ ಅಮ್ಮ, ಯಾವತ್ತೂ ಮುಟ್ಟಿದ್ದಿಲ್ಲ. "ತಮಾ, ಅದರ ಹತ್ರ ಹೋಗಡ, ಅದು ಸಿಡಿತು" ಅಂತಲೇ ನಾವು ಬೆಳೆದಿದ್ದು. 80, 90ರ ದಶಕದ ಪೇಪರು ಓದಿದವರಿಗೆ ನೆನಪಿರಬಹುದು, ಸ್ಟೋವ್ ಸಿಡಿದು ಗೃಹಿಣಿ ಸಾವು ಅಂತ ಒಂದು ಕಾಲಮ್ಮಿನ ಸುದ್ದಿ ಬರ್ತಾನೇ ಇತ್ತು. ನಾನು ಇಷ್ಟು ವರ್ಷ ಈ ಸ್ಟೋವುಗಳನ್ನ ಬಿಚ್ಚಿ ಜೋಡಿಸಿ ನೋಡಿದ್ದೇನೆ, ಉರಿ ಏಳ್ತದೆ, ಎಣ್ಣೆ ಚೆಲ್ಲಿ ಬೆಂಕಿ ಹತ್ತಬಹುದು, ನಿಜ. ಆದರೆ ಯಾವಾಗ್ಲೂ ಸೊಸೆಯರೇ, ಅದೂ ಮದುವೆಯಾಗಿ ಕೆಲವೇ ವರ್ಷ ಆದವರೇ ಯಾಕೆ ಸುಡ್ತಿದ್ರು. ಈ ಪ್ರಶ್ನೆಯನ್ನ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು 90ರ ದಶಕದಲ್ಲಿ ಆಸ್ಪತ್ರೆ, ಪೊಲೀಸ್ ಸ್ಟೇಷನ್ ಅಲೆದು ಎತ್ತಿದ್ರು. ಅದಕ್ಕೂ ಮೊದಲು 1986ರಲ್ಲೇ ವರದಕ್ಷಿಣೆ ಸಾವಿಗೆ ಕಾನೂನಿನಲ್ಲಿ ಬೇರೆಯದೇ ಕಲಮು ಬಂದಿತ್ತು. ಎಷ್ಟೋ ಮನೆಯಲ್ಲಿ ಮನುಷ್ಯರು ಮಾಡಿದ್ದನ್ನ ಸ್ಟೋವಿನ ತಲೆಗೆ ಕಟ್ಟಿದ್ರು. ಯಾವುದಾದ್ರೂ ಮನೆಯ ಅಜ್ಜಿಯೋ ಅತ್ತೆಯೋ ಅಕ್ಕನೋ ಈ ವಸ್ತು ನನ್ನ ಕಣ್ಣ ಮುಂದೆ ಬೇಡ ಅಂದ್ರೆ, ಅವರ ಜೊತೆ ವಾದ ಮಾಡೂಕೆ ಹೋಗಬೇಡಿ ಅಂತ ನನ್ನಂಥ ಸಂಗ್ರಹದ ಹುಚ್ಚಿನವರಿಗೆಲ್ಲ ಕೈಮುಗಿದು ಕೇಳ್ತೇನೆ. ಯಾರಿಗಾದ್ರೂ ಕೊಟ್ಟುಬಿಡಿ, ಮನೆಯಲ್ಲಿ ಇಡಬೇಡಿ.

ಗ್ಯಾಸ್‌ಲೈಟಿನ ಮೇಲೆ ಯಾರಿಗೂ ಇಂಥ ಸಿಟ್ಟಿಲ್ಲ. ಅಡಿಕೆ ಸುಲಿಯೋ ರಾತ್ರಿ, ಜಗಲಿ ತೊಲೆಗೆ ಒಂದು ಗ್ಯಾಸ್‌ಲೈಟು ತೂಗಿ ಹಾಕಿ, ಸುತ್ತ ಇಪ್ಪತ್ತು ಮೆಟ್ಟುಗತ್ತಿ, ಯಾರಾದ್ರೂ ಒಬ್ಬರು ತಾಳಮದ್ದಲೆ ಅರ್ಥ ಹೇಳ್ತಾ ಇರೂದು, ನಡುವೆ ಬೆಳಕು ಮಂಕಾದ್ರೆ ಒಬ್ಬ ಎದ್ದು ನಾಲ್ಕು ಪಂಪು ಹೊಡೆದು ಬರೂದು. ಆಲೆಮನೆಗೆ ಅದೇ, ಮದುವೆ ದಿಬ್ಬಣಕ್ಕೆ ಅದೇ, ಮೊದಲ ಮಳೆಗೆ ಗದ್ದೆಗೆ ಮೀನು ಹತ್ತಿದಾಗ ಕರಾವಳಿಯವರ ಕೈಯಲ್ಲೂ ಅದೇ. ಬಯಲಾಟದಲ್ಲಿ ದೊಂದಿ ಹೋಗಿ ಗ್ಯಾಸ್‌ಲೈಟು ಬಂತು, ಆ ಬಿಳಿ ಬೆಳಕಿನಲ್ಲಿ ಕಿರೀಟದ ಮಿಂಚು ನೋಡಿದವರು ಈಗ್ಲೂ ಲೈಟ್ ಅಂದ್ರೆ ಅದು ಅಂತಾರೆ.

ಪೆಟ್ರೋಮ್ಯಾಕ್ಸ್ ಅನ್ನೂದು ಒಂದು ಕಂಪನಿ ದೀಪದ ಹೆಸರು. 1910ರ ಸುಮಾರಿಗೆ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಗ್ರೇಟ್ಸ್ ಅನ್ನುವವರು ಮಾಡಿದ್ದು, ಪೆಟ್ರೋಲಿಯಂ ಮತ್ತು ಮ್ಯಾಕ್ಸ್ ಸೇರಿ ಆ ಹೆಸರು. ಅದರ ಮೆಂಟಲ್, ಅಂದ್ರೆ ಒಳಗೆ ಕಟ್ಟೋ ಬಟ್ಟೆಯ ಬಲೆ ಚೀಲ, ಅದರದ್ದು ಇನ್ನೂ ದೊಡ್ಡ ಕತೆ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಪೇಟೆಂಟ್ ಮಾಡಿಸಿ, 1891ರಲ್ಲಿ ಅದರ ಪಾಕ ಸರಿ ಮಾಡಿದ, 99 ಭಾಗ ಥೋರಿಯಂ ಆಕ್ಸೈಡು, 1 ಭಾಗ ಸೀರಿಯಂ ಆಕ್ಸೈಡು. ಬಟ್ಟೆ ಸುಟ್ಟು ಬೂದಿಯ ಬಲೆ ಉಳೀತದಲ್ಲ, ಬೆಳಗೂದು ಆ ಬೂದಿ. ಆ ಥೋರಿಯಂ ಎಲ್ಲಿಂದ ಅಂತ ಹುಡುಕ್ತಾ 1909ರಲ್ಲಿ ಶೋಂಬರ್ಗ್ ಅನ್ನೋ ಜರ್ಮನಿಯವನು ನಮ್ಮದೇ ಪಶ್ಚಿಮ ಕರಾವಳಿಯ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ ಮರಳಿನಲ್ಲಿ ಅದರ ಅದಿರು ಗುರುತಿಸಿದ. ಮೊನಾಜೈಟ್ ಅಂತ ಅದರ ಹೆಸರು. ಬರ್ಲಿನ್ನಿನ ದೀಪ ಬೆಳಗಿಸೂಕೆ ನಮ್ಮ ಸಮುದ್ರದ ಮರಳು ಬೇಕಾಯ್ತು ಅಂತ ಯೋಚನೆ ಮಾಡಿದ್ರೆ ಮೈ ಜುಮ್ ಅಂತದೆ. ಥೋರಿಯಂ ಅಲ್ಪಸ್ವಲ್ಪ ವಿಕಿರಣ ಇರೋ ವಸ್ತು, ಹಾಗಾಗಿ ಹಳೇ ಮೆಂಟಲ್ ಒಡೆದ್ರೆ ಆ ಪುಡಿಯನ್ನ ಬಾಯಿಂದ ಊದಬೇಡಿ, ಒದ್ದೆ ಕಾಗದದಲ್ಲಿ ಒತ್ತಿ ತೆಗೆದು ಕೈ ತೊಳ್ಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಈಗ ಬರೋ ಮೆಂಟಲ್‌ಗಳಲ್ಲಿ ಬಹಳಷ್ಟಕ್ಕೆ ಥೋರಿಯಂ ಬದಲು ಇಟ್ರಿಯಂ ಹಾಕ್ತಾರೆ.

ಚಿಮಣಿ ಎಣ್ಣೆ ಸಿಗೂದು ಕಷ್ಟ ಆಗಿದೆ, ಗೊತ್ತು. ರೇಷನ್ನಿನ ನೀಲಿ ಎಣ್ಣೆಗೆ ನಾಡದೋಣಿ ಮೀನುಗಾರರೇ ಪರದಾಡುವಾಗ ನಮ್ಮ ಹವ್ಯಾಸಕ್ಕೆ ಕೊಡಿ ಅಂತ ಕೇಳೂದು ಸರಿಯಲ್ಲ, ನಾನು ಕೇಳೂದೂ ಇಲ್ಲ. ಎಲ್ಲ ಸ್ಟೋವೂ ಉರೀಲೇಬೇಕು ಅಂತಿಲ್ಲ. ಕಾಡಿಗೆ, ಯಾಣಕ್ಕೆ, ಜಲಪಾತಕ್ಕೆ ತಗೊಂಡು ಹೋಗಿ ಹಚ್ಚೂದಂತೂ ಖಂಡಿತ ಬೇಡ, ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ನಾನು ಹಚ್ಚೂದು ನನ್ನ ಅಂಗಳದಲ್ಲಿ, ಪಕ್ಕ ಒಂದು ಬಕೆಟ್ ಮಣ್ಣು ಇಟ್ಕೊಂಡು, ಎಣ್ಣೆ ಬೆಂಕಿಗೆ ನೀರು ಹಾಕಬಾರದು ಅಂತ ಅಪ್ಪ ಹೇಳಿಕೊಟ್ಟಿದ್ದು.

ಗುಜರಿಯ ರಾಶಿಯಿಂದ ತಂದ ಬರ್ನರ್ ಇತ್ತಲ್ಲ, ಅದರ ತಿರುಪು ನನ್ನ ಹತ್ರ ಬರ್ನರ್ ಇಲ್ಲದೆ ಕೂತಿದ್ದ ಇನ್ನೊಂದು ಟ್ಯಾಂಕಿಗೆ ಸರಿಯಾಗಿ ಕೂತಿತು. ಎರಡು ಸಂಜೆ ಕೂತು ಅದರ ಒಳಗಿನ ಕರಿ ತೆಗೆದೆ, ಪಿನ್ನಿನಿಂದ ತೂತು ಬಿಡಿಸಿದೆ, ಬುಡಕ್ಕೆ ಹೊಸ ಸೀಸದ ವಾಶರ್ ಹಾಕಿದೆ. ಭಾನುವಾರ ಸಂಜೆ ಅಂಗಳದಲ್ಲಿ ಹಚ್ಚಿದೆ, ಗೊರ್ ಅಂತ ನಿಂತಿತು. ಆಯಿಗೆ ಈಗ ಎಂಬತ್ತು ದಾಟಿದೆ, ಸದ್ದು ಕೇಳಿ ಒಳಗಿಂದ ಬಂದು ಜಗಲಿ ಮೇಲೇ ಕೂತಳು, ಹತ್ರ ಬರ್ಲಿಲ್ಲ. ತುಂಬಾ ಹೊತ್ತು ನೋಡಿ, "ಗಾಳಿ ಪೂರಾ ಬಿಡದ್ದೆ ಮುಚ್ಚಳ ತೆಗಿಲಾಗ, ನಿನ್ನ ಅಪ್ಪ ಹಂಗೇ ಮಾಡ್ತಿದ್ದ" ಅಂದಳು.

ಇನ್ನು ಕೊನೆಯದಾಗಿ ಎರಡು ಬೇಡಿಕೆ. ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯನ್ನ ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ, ಬಹಳ ಸಂತೋಷ, ಮೊಮ್ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಿದ್ದೇನೆ. ಅಷ್ಟು ದೊಡ್ಡದನ್ನ ಇಟ್ಟ ಜಿಲ್ಲೆಯಲ್ಲಿ, ಕೂಪು, ಸರ್ವೇ, ಬಂದರು, ಬಯಲಾಟ ಎಲ್ಲದಕ್ಕೂ ಬೆಳಕು ಬೆಂಕಿ ಕೊಟ್ಟ ಈ ಸಣ್ಣ ಸಾಮಾನುಗಳಿಗೂ ಗಾಜಿನ ಬಾಗಿಲಿನ ಒಂದು ಕಪಾಟು ಎಲ್ಲಾದ್ರೂ ಸಿಗಬೇಕು. ಜಾಗ ಕೊಟ್ರೆ ನನ್ನ ಹದಿನಾರರಲ್ಲಿ ಹತ್ತು ಸ್ಟೋವನ್ನ ಬಿಟ್ಟಿ ಕೊಡ್ತೇನೆ, ಹೆಸರು ಹಾಕೂದೂ ಬೇಡ.

ಎರಡನೇದು ನಿಮ್ಮ ಪತ್ರಿಕೆಗೆ. ಪೇಟೆಯ ಮೂಲೆಯಲ್ಲಿ ಒಂದು ಹಲಗೆ ಹಾಕ್ಕೊಂಡು ಸ್ಟೋವು, ಗ್ಯಾಸ್‌ಲೈಟು, ಕೊಡೆ, ಟಾರ್ಚು ರಿಪೇರಿ ಮಾಡ್ತಾ ಕೂತಿದ್ದವರು ಶಿರಸಿ, ಕುಮಟೆ, ಹೊನ್ನಾವರ, ಕಾರವಾರ ಎಲ್ಲ ಕಡೆ ಇದ್ರು. ಬರ್ನರಿನ ಸದ್ದು ಕೇಳಿಯೇ ಎಲ್ಲಿ ಕಟ್ಟಿದೆ ಅಂತ ಹೇಳ್ತಿದ್ರು, ಸೀಳು ಬಿಟ್ಟ ಟ್ಯಾಂಕಿಗೆ ಬೆಸುಗೆ ಹಾಕಿದ್ರೆ ಎಲ್ಲಿ ಹಾಕಿದ್ದು ಅಂತ ಗೊತ್ತಾಗ್ತಿರಲಿಲ್ಲ. ಅವರಲ್ಲಿ ಕೆಲವರು ಇನ್ನೂ ಇದ್ದಾರೆ, ವಯಸ್ಸಾಗಿದೆ. ನಿಮ್ಮ ತಾಲೂಕು ವರದಿಗಾರರು ಅವರ ಮನೆಗೆ ಹೋಗಿ ಕೂತು, ಅವರ ಹತ್ರ ಉಳಿದ ಪಿನ್ನು, ವಾಶರ್ ಡಬ್ಬಿ, ಸ್ಪಾನರ್ ಎಲ್ಲದರ ಫೋಟೋ ತೆಗೆದು, ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದು ಹಾಕಿದ್ರೆ ದೊಡ್ಡ ಉಪಕಾರ ಆಗ್ತದೆ. ಮುಖ್ಯವಾಗಿ ಒಂದು ಕೇಳಬೇಕು, ಕತ್ತಿನ ಹತ್ರ ಸೀಳಿದ ಹಿತ್ತಾಳೆಗೆ ಒಳಗಿಂದ ಪಟ್ಟಿ ಹೆಂಗೆ ಕೊಡ್ತಿದ್ರು ಅಂತ. ನನ್ನ ಹತ್ರ ಅಂಥ ಮೂರು ಟ್ಯಾಂಕು ಕಾಯ್ತಾ ಉಂಟು.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ
ಶಿರಸಿ ತಾಲೂಕು